ಕಟ್ಟಿದವರೊಬ್ಬರು, ನೋಟಿಸು ಮತ್ತೊಬ್ಬರಿಗೆ

ಬೆಂಗಳೂರು: ನೋಂದಣಿಯಾದ ಕ್ರಯಪತ್ರವಿದೆ. ಖಾತೆ ಇದೆ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರವಿದೆ. ತೆರಿಗೆ ರಸೀದಿಗಳನ್ನು ವರ್ಷವಾರು ಜೋಡಿಸಿ ದಾರ ಕಟ್ಟಲಾಗಿದೆ. ಇಲ್ಲದಿರುವುದು ಒಂದೇ ಒಂದು ಕಾಗದ. ಕಟ್ಟಡ ಹಾಗೂ ಸ್ಥಳೀಯಾಡಳಿತ ಕಾನೂನಿನ ವ್ಯವಹಾರ ನೋಡುವ ರಾಜಧಾನಿಯ ವಕೀಲರ ಕಚೇರಿಗೆ ಫ್ಲ್ಯಾಟ್ ಖರೀದಿಸಿದ ಮಧ್ಯಮ ವರ್ಗದ ಕುಟುಂಬ ಹಿಡಿದು ಬರುವ ಕಡತದ ಸಾಮಾನ್ಯ ಸ್ವರೂಪ ಇದು. ಆ ಇಲ್ಲದ ಕಾಗದವೇ ಸ್ವಾಧೀನಾನುಭವ ಪತ್ರ. ಜನರ ಬಾಯಲ್ಲಿ ಓ.ಸಿ.

ಕಟ್ಟಡವು ಮಂಜೂರಾದ ನಕ್ಷೆಗೆ ಅನುಗುಣವಾಗಿದೆ, ಅದರಲ್ಲಿ ಜನ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ನೀಡುವ ಕೊನೆಯ ಒಪ್ಪಿಗೆಯಿದು. ಈ ಅನುಮತಿ ದೊರೆಯದೆ ಕಟ್ಟಡದಲ್ಲಿ ವಾಸಿಸುವಂತಿಲ್ಲ ಎಂದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 310ನೇ ಕಲಂ ಹೇಳುತ್ತದೆ. ಆದರೂ ಓ.ಸಿ. ಇಲ್ಲದ ಕಟ್ಟಡಗಳಲ್ಲಿ ಗೃಹಪ್ರವೇಶಗಳು ನಡೆದವು, ವಿದ್ಯುತ್ ಬಂತು, ನೀರು ಬಂತು, ಪಾಲಿಕೆಯೇ ಬಂದು ತೆರಿಗೆ ವಸೂಲು ಮಾಡಿತು. ದಶಕಗಳ ಕಾಲ ಯಾರೂ ಕೇಳದಿದ್ದ ಈ ಕಾಗದವನ್ನು ಈಗ ಎಲ್ಲರೂ ಕೇಳುವಂತಾಗಿದೆ. ಕಾರಣ, 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪು.

ಆ ಪ್ರಕರಣಕ್ಕೂ ಕರ್ನಾಟಕಕ್ಕೂ ನೇರ ಸಂಬಂಧವೇನೂ ಇರಲಿಲ್ಲ. ಉತ್ತರ ಪ್ರದೇಶದ ಮೀರತ್ ನಗರದ ಶಾಸ್ತ್ರಿನಗರದಲ್ಲಿ ವಸತಿಗೆಂದು ಹಂಚಿಕೆಯಾದ ನಿವೇಶನದಲ್ಲಿ ಅಂಗಡಿಗಳು ಎದ್ದಿದ್ದವು. ಅವುಗಳ ನೆಲಸಮಕ್ಕೆ ಅಲಹಾಬಾದ್ ಹೈಕೋರ್ಟ್ ನೀಡಿದ್ದ ಆದೇಶವನ್ನು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಎತ್ತಿ ಹಿಡಿಯಿತು. ಅಷ್ಟಕ್ಕೇ ನಿಲ್ಲದೆ ಇಡೀ ದೇಶಕ್ಕೆ ಅನ್ವಯವಾಗುವ ಸೂಚನೆಗಳ ಪಟ್ಟಿಯನ್ನೂ ನೀಡಿತು. ಓ.ಸಿ. ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬೇಕು. ಅದನ್ನು ಪರಿಶೀಲಿಸಿಯೇ ಬ್ಯಾಂಕುಗಳು ಸಾಲ ಕೊಡಬೇಕು. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಇಲ್ಲ. ಆಡಳಿತದ ವಿಳಂಬವಾಗಲಿ, ಹೂಡಿದ ಹಣವಾಗಲಿ ಅಕ್ರಮಕ್ಕೆ ಗುರಾಣಿಯಾಗಲಾರದು ಎಂಬುದು ನ್ಯಾಯಾಲಯದ ನಿಲುವು.

ತೀರ್ಪಿನ ಉದ್ದೇಶದ ಬಗ್ಗೆ ಯಾರಿಗೂ ತಕರಾರು ಇರಲಾರದು. ಪ್ರಶ್ನೆ ಇರುವುದು, ಅದರ ಭಾರ ಬೀಳುತ್ತಿರುವುದು ಯಾರ ಹೆಗಲ ಮೇಲೆ ಎಂಬಲ್ಲಿ. ಕಟ್ಟಡ ಕಟ್ಟಿದ ಬಿಲ್ಡರ್ ಫ್ಲ್ಯಾಟುಗಳನ್ನು ಮಾರಿ ಹೋಗಿರುತ್ತಾನೆ. ನಕ್ಷೆ ಮಂಜೂರು ಮಾಡಿದ ಅಧಿಕಾರಿ ವರ್ಗವಾಗಿರುತ್ತಾರೆ. ಮೀಟರ್ ಇಲ್ಲದ ಮನೆಯಲ್ಲಿ ಉಳಿಯುವವನು ಖರೀದಿದಾರ ಮಾತ್ರ. ಕಟ್ಟಡ ಕಾನೂನಿನ ವಕೀಲಿಕೆಯ ಹೊಸ ಕೆಲಸ ಬಹುಪಾಲು ಹುಟ್ಟುತ್ತಿರುವುದು ಈ ವಿಪರ್ಯಾಸದಿಂದಲೇ.

ನಡುವೆ ಯಾರೂ ನೋಡುವುದಿಲ್ಲ

ಕಾಗದದ ಮೇಲೆ ಕಾನೂನು ಕಟ್ಟಡವನ್ನು ಮೂರು ಸಲ ನೋಡುತ್ತದೆ. ನಕ್ಷೆ ಮಂಜೂರಾಗುವಾಗ ಒಮ್ಮೆ, ದೊಡ್ಡ ಕಟ್ಟಡಗಳಾದರೆ ಪಾಯದ ಹಂತದಲ್ಲಿ ಇನ್ನೊಮ್ಮೆ, ಕೆಲಸ ಮುಗಿದ ಮೇಲೆ ಮತ್ತೊಮ್ಮೆ. ಪಾಯದ ಹಂತದಲ್ಲಿ ಟೇಪು ಹಿಡಿದರೆ ಸೆಟ್‌ಬ್ಯಾಕ್ ಬಿಟ್ಟಿದ್ದಾರೆಯೇ ಇಲ್ಲವೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಆಗ ಸರಿಪಡಿಸಲು ತಗಲುವ ಖರ್ಚೂ ಕಡಿಮೆ. ನಾಲ್ಕು ಅಂತಸ್ತು ಎದ್ದು, ಗಾರೆಯಾಗಿ, ಸುಣ್ಣಬಣ್ಣವಾಗಿ, ಹನ್ನೆರಡು ಕುಟುಂಬಗಳು ಬಂದ ಮೇಲೆ ಅದೇ ಮೂರು ಅಡಿಯನ್ನು ಸರಿಪಡಿಸುವುದು ಎಂದರೆ ಕಂಬಗಳನ್ನೇ ಕಡಿಯುವುದು ಎಂದರ್ಥ.

ವಾಸ್ತವದಲ್ಲಿ ಈ ನಡುವಿನ ನೋಟವೇ ತಪ್ಪಿಹೋಗುತ್ತದೆ. ಬೆಂಗಳೂರಿನ ಪಾಲಿಕೆಯಲ್ಲಿ ನಕ್ಷೆ ಮಂಜೂರು ಮಾಡುವುದು ನಗರ ಯೋಜನೆ ವಿಭಾಗದ ಕೆಲಸವಾದರೆ ಉಲ್ಲಂಘನೆ ಹಿಡಿಯುವುದು ವಾರ್ಡಿನ ಎಂಜಿನಿಯರುಗಳ ಕೆಲಸವಾಗಿ ನಡೆದುಬಂದಿದೆ. ಒಬ್ಬರ ಮೇಜಿನ ಮೇಲಿರುವ ನಕ್ಷೆ ಇನ್ನೊಬ್ಬರ ಕೈಗೆ ಸಕಾಲಕ್ಕೆ ತಲುಪುವುದು ಖಾತ್ರಿಯಿಲ್ಲ. ರಸ್ತೆಗುಂಡಿ, ಚರಂಡಿ, ಕಸದ ದೂರುಗಳ ನಡುವೆ ಎಂಜಿನಿಯರಿಗೆ ಕಟ್ಟಡ ತಪಾಸಣೆಯ ಸರದಿ ಬರುವುದೇ ದೂರು ದಾಖಲಾದ ಮೇಲೆ. ದೂರು ಕೊಡುವವರು ಬಹುತೇಕ ಪಕ್ಕದ ಮನೆಯವರು. ಅವರಿಗೆ ಗಾಳಿ, ಬೆಳಕು ನಿಂತಾಗ. ಅಷ್ಟರಲ್ಲಿ ಎರಡನೇ ಅಂತಸ್ತಿನ ಮೋಲ್ಡ್ ಬಿದ್ದಿರುತ್ತದೆ.

ಇದರ ಪರಿಣಾಮ ಬರೀ ಕಾಗದದ ತೊಂದರೆಗೆ ಸೀಮಿತವಲ್ಲ ಎಂಬುದನ್ನು ರಾಜ್ಯ ಕಂಡಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ವಾಣಿಜ್ಯ ಸಂಕೀರ್ಣ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್ 22ರಂದು ಸತತ ಮಳೆಯ ನಡುವೆ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ನೆಲಕ್ಕುರುಳಿ ಕಾರ್ಮಿಕರು ಅದರಡಿ ಸಿಲುಕಿ ಪ್ರಾಣ ಬಿಟ್ಟರು. ಎರಡೂ ಕಡೆ ಬಿದ್ದದ್ದು ಹಳೆಯ, ಶಿಥಿಲ ಕಟ್ಟಡವಲ್ಲ; ಇನ್ನೂ ಕಟ್ಟುತ್ತಿದ್ದುದು. ಅಂದರೆ ಕಾನೂನಿನ ಕಣ್ಣು ಇರಲೇಬೇಕಾಗಿದ್ದ ಅವಧಿಯಲ್ಲಿಯೇ.

ಪಾಲಿಕೆ ಎಚ್ಚೆತ್ತರೆ ಮೊದಲು ಹೊರಡುವುದು 321ನೇ ಕಲಮಿನ ನೋಟಿಸು. ಬೆಂಗಳೂರಿಗೆ 2020ರ ಬಿಬಿಎಂಪಿ ಕಾಯ್ದೆ ಬಂದ ಮೇಲೆ ಅದರ ಸ್ಥಾನವನ್ನು 248ನೇ ಕಲಂ ತೆಗೆದುಕೊಂಡಿತ್ತು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ ಮುಂತಾದ ಪಾಲಿಕೆಗಳಿಗೆ ಹಳೆಯ ಕಲಮೇ ಆಧಾರ. ಮೊದಲು ತಾತ್ಕಾಲಿಕ ಆದೇಶ, ಜತೆಗೆ ಕಾರಣ ಕೇಳುವ ನೋಟಿಸು, ಉತ್ತರ ಪರಿಶೀಲಿಸಿದ ನಂತರ ದೃಢೀಕರಣ ಆದೇಶ. 321ರ ಮೂರನೇ ಉಪಕಲಮಿನ ಈ ದೃಢೀಕರಣ ಆದೇಶದ ವಿರುದ್ಧ 443-ಎ ಕಲಮಿನಡಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನ್ಯಾಯಯುತವಾದ ಕ್ರಮವೇ. ಆದರೆ ಒಂದೊಂದು ಮೆಟ್ಟಿಲಿನಲ್ಲೂ ವಕೀಲಿಕೆಗೆ ಎಡೆ ಇದೆ.

ನೋಟಿಸಿನಲ್ಲಿ ಉಲ್ಲಂಘನೆಯ ಅಳತೆ ನಮೂದಿಸಿಲ್ಲ. ಉತ್ತರ ಕೊಡಲು ಸಾಕಷ್ಟು ಕಾಲಾವಕಾಶ ಕೊಟ್ಟಿಲ್ಲ. ಕೊಟ್ಟ ಉತ್ತರವನ್ನು ಆದೇಶದಲ್ಲಿ ಚರ್ಚಿಸಿಯೇ ಇಲ್ಲ. ಆದೇಶಕ್ಕೆ ಸಹಿ ಹಾಕಿದವರಿಗೆ ಆಯುಕ್ತರ ಅಧಿಕಾರ ವಹಿಸಿಕೊಟ್ಟ ದಾಖಲೆ ಇಲ್ಲ. ಬಿಲ್ಡರ್ ಪರ ವಕೀಲರು ಎತ್ತುವ ಆಕ್ಷೇಪಗಳಲ್ಲಿ ಹೆಚ್ಚಿನವು ಕಟ್ಟಡದ ಕುರಿತಾದುವಲ್ಲ, ಆದೇಶದ ಕುರಿತಾದುವು. ಇವುಗಳಲ್ಲಿ ಒಂದೇ ಒಂದು ನಿಂತರೂ ಆದೇಶ ರದ್ದಾಗಿ ಪ್ರಕರಣ ಮರಳಿ ಪಾಲಿಕೆಗೇ ಬರುತ್ತದೆ. ತಡೆಯಾಜ್ಞೆ ಸಿಕ್ಕಿತೆಂದರೆ ನೆಲಸಮ ನಿಲ್ಲುತ್ತದೆ. ಕಾಮಗಾರಿ ನಿಲ್ಲುತ್ತದೆಯೇ ಎಂಬುದು ಬೇರೆ ಮಾತು. ಯಥಾಸ್ಥಿತಿ ಕಾಪಾಡಿ ಎಂಬ ಆದೇಶವಿದ್ದಾಗಲೂ ರಾತ್ರಿ ವೇಳೆ ಕಾಂಕ್ರೀಟು ಸುರಿದ ದೂರುಗಳಿಗೆ ಬರವಿಲ್ಲ. ಈ ಕಾರಣಕ್ಕೇ ಅನುಭವಿ ವಕೀಲರು ನೆರೆಮನೆಯ ಕಕ್ಷಿದಾರನಿಗೆ ಮೊದಲ ದಿನವೇ ಕೇವಿಯಟ್ ಹಾಕಿಸುತ್ತಾರೆ. 90 ದಿನಗಳವರೆಗೆ ಊರ್ಜಿತವಿರುವ ಆ ಅರ್ಜಿಯಿಂದಾಗುವ ಲಾಭ ಇಷ್ಟೇ: ಇವರ ಮಾತು ಕೇಳದೆ ಅವರಿಗೆ ತಡೆಯಾಜ್ಞೆ ಸಿಗುವುದು ಕಷ್ಟವಾಗುತ್ತದೆ.

ದೂರುದಾರ ಹೈಕೋರ್ಟಿಗೆ ಹೋದರೂ ಕೆಲಸ ಸುಲಭವಲ್ಲ. ಅರ್ಜಿದಾರರ ಮನವಿಯನ್ನು ಕಾನೂನಿನ ಪ್ರಕಾರ ಪರಿಗಣಿಸಿ ನಿಗದಿತ ವಾರಗಳೊಳಗೆ ತೀರ್ಮಾನ ಕೈಗೊಳ್ಳಿ ಎಂಬ ನಿರ್ದೇಶನದೊಂದಿಗೆ ರಿಟ್ ಅರ್ಜಿ ಇತ್ಯರ್ಥವಾಗುವುದುಂಟು. ಗೆದ್ದೆವೆಂದು ಕಕ್ಷಿದಾರ ಸಿಹಿ ಹಂಚುತ್ತಾನೆ. ಆದರೆ ಪರಿಗಣಿಸುವುದು ಬೇರೆ, ಕೆಡವುವುದು ಬೇರೆ ಎಂದು ವಕೀಲರು ಆತನಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮುಂದಿನದು ನ್ಯಾಯಾಂಗ ನಿಂದನೆ ಅರ್ಜಿ, ಅದಕ್ಕೆ ಪಾಲಿಕೆಯ ಪ್ರಮಾಣಪತ್ರ, ಮತ್ತೆ ದಿನಾಂಕ.

ಸಕ್ರಮದ ಆಸೆ

ಇಷ್ಟೆಲ್ಲ ಉಲ್ಲಂಘನೆ ರಾಜಾರೋಷವಾಗಿ ನಡೆಯಲು ಇನ್ನೊಂದು ಕಾರಣವನ್ನು ಸರ್ಕಾರವೇ ಒದಗಿಸಿತು. ಅಕ್ರಮ-ಸಕ್ರಮ ಯೋಜನೆಗಾಗಿ 2007ರಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 76-ಎಫ್‌ಎಫ್ ಕಲಂ ಸೇರಿತು. ಮುಂದೆ ತಿದ್ದುಪಡಿಯಾಗಿ, 2014ರಲ್ಲಿ ನಿಯಮಗಳು ಹೊರಬಿದ್ದವು. 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ ವಸತಿ ಕಟ್ಟಡಗಳಲ್ಲಿ ಶೇ. 50ರವರೆಗೆ, ವಸತಿಯೇತರ ಕಟ್ಟಡಗಳಲ್ಲಿ ಶೇ. 25ರವರೆಗೆ ಉಲ್ಲಂಘನೆಯನ್ನು ದಂಡ ಪಡೆದು ಸಕ್ರಮಗೊಳಿಸುವುದು ಅದರ ತಿರುಳು. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳು ಮನ್ನಿಸುತ್ತಿದ್ದ ವ್ಯತ್ಯಾಸ ಶೇ. 5 ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಔದಾರ್ಯದ ಗಾತ್ರ ತಿಳಿಯುತ್ತದೆ.

2016ರ ಡಿಸೆಂಬರ್ 13ರಂದು ಹೈಕೋರ್ಟ್ ಯೋಜನೆಯನ್ನು ಎತ್ತಿ ಹಿಡಿಯಿತು. ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ನೀಡಿತು. ಯೋಜನೆ ಜಾರಿಯಾಗಲಿಲ್ಲ, ಆಸೆ ಮಾತ್ರ ಉಳಿಯಿತು. ಇವತ್ತಲ್ಲ ನಾಳೆ ಸಕ್ರಮವಾಗುತ್ತದೆ, ಚಿಂತೆ ಬೇಡ ಎಂಬ ಒಂದೇ ಮಾತಿನ ಬಲದ ಮೇಲೆ ಮಾರಾಟವಾದ ಫ್ಲ್ಯಾಟುಗಳಿಗೆ ಲೆಕ್ಕವಿಲ್ಲ. ಸಕ್ರಮ ಯೋಜನೆ ತಂದ 2007ರ ಅದೇ ತಿದ್ದುಪಡಿಯ ಭಾಗವಾಗಿ ಪಾಲಿಕೆ ಕಾಯ್ದೆಗೆ 321-ಬಿ ಎಂಬ ಕಲಮೂ ಸೇರಿತ್ತು. ತನ್ನ ವ್ಯಾಪ್ತಿಯಲ್ಲಿ ಅಕ್ರಮ ನಿರ್ಮಾಣ ತಡೆಯಲು ವಿಫಲನಾದ ಅಧಿಕಾರಿಯನ್ನು ದಂಡನೆಗೆ ಗುರಿಪಡಿಸುವ ಕಲಂ ಅದು. ಸಕ್ರಮದ ಭಾಗವನ್ನು ನಗರದ ಮಕ್ಕಳೂ ಬಲ್ಲರು. ಅಧಿಕಾರಿಯ ಹೊಣೆಯ ಭಾಗವನ್ನು ನೆನಪಿಸಿಕೊಳ್ಳುವವರು ವಿರಳ.

ತೆರಿಗೆ ಕಟ್ಟಿದ್ದೇವಲ್ಲ ಎಂಬುದು ವಕೀಲರ ಕಚೇರಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ವಾದ. 108-ಎ ಕಲಂ ಅಕ್ರಮ ಕಟ್ಟಡದಿಂದಲೂ ತೆರಿಗೆ ಪಡೆಯಲು ಪಾಲಿಕೆಗೆ ಅವಕಾಶ ಕೊಟ್ಟಿದೆ. ಆದರೆ ಅಷ್ಟರಿಂದಲೇ ಕಟ್ಟಡ ಸಕ್ರಮವಾಗದು ಎಂದೂ ಸ್ಪಷ್ಟಪಡಿಸಿದೆ. ಬಿ ಖಾತಾ ಎಂದು ಜನ ಕರೆಯುವ ಪ್ರತ್ಯೇಕ ವಹಿಯ ಮೂಲ ಇದೇ. ಅದು ತೆರಿಗೆಯ ಲೆಕ್ಕದ ಪುಸ್ತಕ, ಹಕ್ಕಿನ ಪತ್ರವಲ್ಲ. ಎ ಖಾತಾ ಕೂಡ ಮಾಲೀಕತ್ವದ ಅಂತಿಮ ಪುರಾವೆ ಅಲ್ಲ ಎಂದಾಗ ಕಕ್ಷಿದಾರರ ಮುಖ ಇನ್ನಷ್ಟು ಕಂದುತ್ತದೆ.

ನಕ್ಷೆ ಇದ್ದರೂ ಮನೆ ಹೋಯಿತು

ಓ.ಸಿ. ಇಲ್ಲದವರ ಕಥೆ ಹೀಗಾದರೆ, ಮಂಜೂರಾದ ನಕ್ಷೆಯೇ ಇದ್ದವರ ಕಥೆ ಇನ್ನೊಂದು. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅರಕೆರೆ ಬಳಿಯ ಅವನಿ ಶೃಂಗೇರಿನಗರದಲ್ಲಿ ಪಾಲಿಕೆಯ ಜೆಸಿಬಿಗಳು ಮನೆಗಳನ್ನು ಕೆಡವಿದ್ದನ್ನು ನಗರ ಮರೆತಿಲ್ಲ. ರಾಜಕಾಲುವೆ ಒತ್ತುವರಿ ತೆರವು ಎಂಬುದು ಕಾರಣ. ಮನೆ ಕಳೆದುಕೊಂಡವರು ಕೈಯಲ್ಲಿ ಹಿಡಿದಿದ್ದುದು ಅದೇ ಪಾಲಿಕೆ ನೀಡಿದ ಖಾತೆ, ಮಂಜೂರಾದ ನಕ್ಷೆ, ಬ್ಯಾಂಕಿನ ಸಾಲದ ಕಾಗದ. ಮನೆ ಹೋದರೂ ಕಂತು ಉಳಿಯಿತು.

ತಪ್ಪು ಎಲ್ಲಿತ್ತು? ಪಾಲಿಕೆಯ ನಕ್ಷೆ ನಿವೇಶನವನ್ನು ನೋಡುತ್ತದೆ. ಕಾಲುವೆ ಇರುವುದು ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ. ಲೇಔಟ್ ಮಾಡಿದವನು ಕಾಲುವೆಯನ್ನು ಮುಚ್ಚಿ ನಿವೇಶನ ತೆಗೆದರೆ, ಪಾಲಿಕೆಯ ಕಚೇರಿಯಲ್ಲಿ ಅದು ಬರೀ ಮೂವತ್ತಕ್ಕೆ ನಲವತ್ತರ ಒಂದು ಚೌಕ. ಎರಡು ಇಲಾಖೆಗಳ ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡುವ ಕೆಲಸವನ್ನು ಯಾರೂ ಮಾಡಲಿಲ್ಲ. ಕೊಂಡವನು ಮಾಡಬೇಕಿತ್ತು ಎಂದು ಆಮೇಲೆ ಹೇಳುವುದು ಸುಲಭ.

ಮೀಸಲು ಪ್ರದೇಶದ ಅಂತರವೂ ನಿಂತಲ್ಲಿ ನಿಲ್ಲಲಿಲ್ಲ. 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ಅನುಗುಣವಾಗಿ 50, 25 ಮತ್ತು 15 ಮೀಟರ್ ಇತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಈ ಮೂರು ವರ್ಷಗಳ ನಡುವೆ ಕೆರೆಯಂಚಿನಲ್ಲಿ ಮನೆ ಕೊಳ್ಳಲು ಹೊರಟವನಿಗೆ ಯಾವ ವಕೀಲ ಏನೆಂದು ಅಭಿಪ್ರಾಯ ಬರೆದುಕೊಡಬೇಕಿತ್ತು?

ಆ ತೆರವು ಕಾರ್ಯಾಚರಣೆಯ ಬಳಿಕ ದಾಖಲೆ ಪರಿಶೀಲನೆಯ ಪಟ್ಟಿ ಉದ್ದವಾಯಿತು. ಮೂಲಪತ್ರ, ಋಣಭಾರ ಪತ್ರ, ಖಾತೆಗಳ ಜತೆಗೆ ಗ್ರಾಮ ನಕಾಶೆ, ಆಕಾರಬಂದ್, ಟಿಪ್ಪಣಿ, ಹಳೆಯ ಪಹಣಿಗಳು ಬಂದವು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯಾಗಿದೆಯೇ, ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾದದ್ದೇ ಎಂದು ನೋಡಬೇಕು. 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿಯ ರಕ್ಷಣೆ ತೆಗೆದುಹಾಕಿದ ಮೇಲಂತೂ ಈ ಕೊನೆಯ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇಲ್ಲಿ ಸಾರ್ವಜನಿಕರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಬ್ಯಾಂಕು ಸಾಲ ಕೊಟ್ಟಿದೆ ಎಂದ ಮೇಲೆ ದಾಖಲೆ ಸರಿಯಿದೆ ಎಂದೇ ಜನ ನಂಬುತ್ತಾರೆ. ಬ್ಯಾಂಕಿನ ಪಟ್ಟಿಯಲ್ಲಿರುವ ವಕೀಲರು ಮುಖ್ಯವಾಗಿ ನೋಡುವುದು ಮಾಲೀಕತ್ವದ ಸರಪಳಿಯನ್ನು. ಅವರು ಟೇಪು ಹಿಡಿದು ಸೆಟ್‌ಬ್ಯಾಕ್ ಅಳೆಯುವುದಿಲ್ಲ, ಮಂಜೂರಾದ ಅಂತಸ್ತುಗಳನ್ನು ಎಣಿಸಿ ನಿಂತ ಅಂತಸ್ತುಗಳಿಗೆ ಹೋಲಿಸುವುದಿಲ್ಲ. ಅವರ ಕಕ್ಷಿದಾರ ಬ್ಯಾಂಕೇ ಹೊರತು ಸಾಲ ಪಡೆಯುವವನಲ್ಲ. ಕಟ್ಟಡ ಬಿದ್ದರೂ ಸಾಲಗಾರ ಉಳಿಯುತ್ತಾನೆಂಬ ಭರವಸೆ ಬ್ಯಾಂಕಿಗಿದೆ.

ಪ್ರತ್ಯೇಕ ವಕೀಲರನ್ನು ಹುಡುಕುವುದೂ ಸಲೀಸಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ವಕೀಲರು ಜಾಹೀರಾತು ಕೊಡುವಂತಿಲ್ಲ. ಬಿಲ್ಡರ್ ಮಾತ್ರ ಹೆದ್ದಾರಿಯುದ್ದಕ್ಕೂ ಫಲಕ ಹಾಕಬಹುದು. ಹೀಗಾಗಿ ಮನೆ ಕೊಳ್ಳುವವನಿಗೆ ವಕೀಲರ ವಿಳಾಸ ಸಿಗುವುದು ಪರಿಚಿತರಿಂದ, ಇಲ್ಲವೇ ಬಿಲ್ಡರ್‌ನ ಮಾರಾಟ ವಿಭಾಗದವರಿಂದಲೇ. ಎರಡನೆಯದು ಎಷ್ಟು ಕ್ಷೇಮ ಎಂಬುದನ್ನು ಓದುಗರೇ ಊಹಿಸಬಹುದು. ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಪಾಲಿಕೆಯಿಂದಲೇ ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಆದರೆ ಮುಂಗಡ ಕೊಡದಿದ್ದರೆ ಫ್ಲ್ಯಾಟು ಕೈತಪ್ಪುತ್ತದೆ ಎಂಬ ಅವಸರದಲ್ಲಿ 30 ದಿನ ಕಾಯುವವರು ಕಡಿಮೆ.

ರೇರಾ ತಲುಪದ ಗಲ್ಲಿಗಳು

2016ರ ರಿಯಲ್ ಎಸ್ಟೇಟ್ ಕಾಯ್ದೆ ಖರೀದಿದಾರನ ಪರವಾಗಿ ಬಂದ ದೊಡ್ಡ ಕಾನೂನು ಎಂಬುದರಲ್ಲಿ ಅನುಮಾನವಿಲ್ಲ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಸಂಗ್ರಹಿಸಿದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಸಮಯಕ್ಕೆ ಮನೆ ಕೊಡದಿದ್ದರೆ 18ನೇ ಕಲಮಿನಡಿ ಬಡ್ಡಿಸಮೇತ ಹಣ ವಾಪಸು. ರಚನೆಯ ದೋಷಕ್ಕೆ ಐದು ವರ್ಷ ಹೊಣೆ. ರಾಜ್ಯದಲ್ಲಿ 2017ರ ಜುಲೈನಲ್ಲಿ ನಿಯಮಗಳು ಬಂದವು.

ಆದರೆ ಕಾಯ್ದೆಯ 3ನೇ ಕಲಂ 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮನೆಗಳನ್ನು ಮೀರದ ಯೋಜನೆಗಳಿಗೆ ನೋಂದಣಿಯಿಂದ ವಿನಾಯಿತಿ ಕೊಟ್ಟಿದೆ. ಬೆಂಗಳೂರಿನ ನಲವತ್ತಕ್ಕೆ ಅರವತ್ತರ ನಿವೇಶನ ಸುಮಾರು 223 ಚದರ ಮೀಟರ್. ಅಂತಹ ಎರಡು ನಿವೇಶನ ಕೂಡಿಸಿದರೂ 500 ದಾಟುವುದಿಲ್ಲ. ಹಳೆಯ ಬಡಾವಣೆಗಳ ಗಲ್ಲಿಗಳಲ್ಲಿ, ಸೆಟ್‌ಬ್ಯಾಕ್ ನುಂಗಿ, ಪಾರ್ಕಿಂಗ್ ಜಾಗದಲ್ಲೂ ಮನೆ ಕಟ್ಟಿ, ಮೇಲೊಂದು ಅಂತಸ್ತು ಏರಿಸುವ ಸಣ್ಣ ಬಿಲ್ಡರ್‌ಗಳ ಕಾರ್ಯಕ್ಷೇತ್ರ ಇದೇ ಅಳತೆಯ ನಿವೇಶನ. ಉಲ್ಲಂಘನೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ರೇರಾ ಕೈ ಚಾಚುವುದಿಲ್ಲ.

ರೇರಾ ವ್ಯಾಪ್ತಿಗೆ ಬಂದವರಿಗೂ ಆದೇಶ ಸಿಕ್ಕ ಮಾತ್ರಕ್ಕೆ ಹಣ ಸಿಗುವುದಿಲ್ಲ. 40ನೇ ಕಲಮಿನ ಪ್ರಕಾರ ಅದನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕಾದವರು ಕಂದಾಯ ಅಧಿಕಾರಿಗಳು. ವಸೂಲಾತಿ ಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವರ ಸಾಲು ಸಣ್ಣದಲ್ಲ.

ಉಳಿದಿರುವ ಗಟ್ಟಿ ದಾರಿ ಗ್ರಾಹಕ ಆಯೋಗಗಳದ್ದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. ಇಲ್ಲಿ 2022ರ ಜನವರಿ 11ರಂದು ಸುಪ್ರೀಂ ಕೋರ್ಟ್ ಮುಂಬೈನ ಸಮೃದ್ಧಿ ಸಹಕಾರಿ ವಸತಿ ಸಂಘದ ಪ್ರಕರಣದಲ್ಲಿ ನೀಡಿದ ತೀರ್ಪು ಕಟ್ಟಡ ಕಾನೂನಿನ ವಕೀಲರಿಗೆ ದೊಡ್ಡ ಆಸರೆ. ಆ ಸಂಘದ ಸದಸ್ಯರು ಮನೆಗಳ ಸ್ವಾಧೀನ ಪಡೆದದ್ದು 1997ರಲ್ಲಿ. ಓ.ಸಿ. ಇಲ್ಲದ ಕಾರಣ ಅವರು ಶೇ. 25ರಷ್ಟು ಹೆಚ್ಚು ಆಸ್ತಿ ತೆರಿಗೆ, ಶೇ. 50ರಷ್ಟು ಹೆಚ್ಚು ನೀರಿನ ಶುಲ್ಕ ತೆರುತ್ತಿದ್ದರು. ಇಷ್ಟು ವರ್ಷಗಳ ಮೇಲೆ ಬಂದ ದೂರು ಕಾಲಮಿತಿ ಮೀರಿದೆ ಎಂಬ ಬಿಲ್ಡರ್ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಓ.ಸಿ. ಪಡೆದುಕೊಡದಿರುವುದು ಒಂದು ದಿನದ ತಪ್ಪಲ್ಲ, ಪಡೆದುಕೊಡುವವರೆಗೂ ಪ್ರತಿದಿನ ಮುಂದುವರಿಯುವ ತಪ್ಪು. ಅದು ಸೇವಾ ನ್ಯೂನತೆ ಎಂದಿತು. ಹತ್ತು ಹದಿನೈದು ವರ್ಷಗಳ ಹಿಂದೆ ಫ್ಲ್ಯಾಟು ಕೊಂಡು, ಇನ್ನೇನು ಮಾಡಲಾದೀತು ಎಂದು ಕೈಚೆಲ್ಲಿದ್ದವರಿಗೆ ಈ ತೀರ್ಪು ಬಾಗಿಲು ತೆರೆದಿದೆ. ಆದರೆ ಆಯೋಗ ಪರಿಹಾರ ಕೊಡಿಸಬಹುದೇ ಹೊರತು, ನಕ್ಷೆ ಮೀರಿ ಕಟ್ಟಿದ ಕಟ್ಟಡಕ್ಕೆ ಓ.ಸಿ. ಕೊಡಿ ಎಂದು ಪಾಲಿಕೆಗೆ ಹೇಳಲಾರದು.

ವಿನಾಯಿತಿ ಮತ್ತು ವಿಳಂಬ

2025ರ ಏಪ್ರಿಲ್‌ನಿಂದ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳು ಸುಪ್ರೀಂ ಕೋರ್ಟ್ ತೀರ್ಪಿನ ಆಧಾರದ ಮೇಲೆ ಓ.ಸಿ. ಕೇಳತೊಡಗಿದಾಗ ಕೂಗೆದ್ದಿತು. ಸ್ವಂತಕ್ಕೆಂದು ಸಣ್ಣ ಮನೆ ಕಟ್ಟಿಕೊಂಡವರು ನಿರ್ಮಾಣ ಕಾಲದ ತಾತ್ಕಾಲಿಕ ಸಂಪರ್ಕದಲ್ಲೇ ದುಬಾರಿ ದರ ತೆತ್ತು ದಿನ ದೂಡುವಂತಾಯಿತು. ಕೊನೆಗೆ ಅದೇ ವರ್ಷ ಸರ್ಕಾರ 1200 ಚದರಡಿವರೆಗಿನ ನಿವೇಶನಗಳ ಸಣ್ಣ ವಸತಿ ಕಟ್ಟಡಗಳಿಗೆ ಓ.ಸಿ.ಯಿಂದ ವಿನಾಯಿತಿ ನೀಡುವ ತೀರ್ಮಾನಕ್ಕೆ ಬಂತು. ಮೂವತ್ತಕ್ಕೆ ನಲವತ್ತರ ಮನೆಯವರಿಗೆ ಇದು ನಿರಾಳ. ಆದರೆ ಫ್ಲ್ಯಾಟು ಕೊಂಡವನು ಈ ವಿನಾಯಿತಿಯ ಹೊರಗೇ ಉಳಿದ. ಸ್ವಂತ ಮನೆ ಕಟ್ಟಿ ತಾನೇ ಸೆಟ್‌ಬ್ಯಾಕ್ ನುಂಗಿದವನಿಗೆ ವಿನಾಯಿತಿ, ಇನ್ನೊಬ್ಬ ನುಂಗಿದ್ದನ್ನು ತಿಳಿಯದೆ ಕೊಂಡವನಿಗೆ ಕತ್ತಲು ಎಂಬ ವಿಚಿತ್ರ ಸನ್ನಿವೇಶ ಇದರಿಂದ ಉಂಟಾಯಿತು.

ಇದೇ ಅವಧಿಯಲ್ಲಿ ಸ್ಥಳೀಯಾಡಳಿತದ ಚೌಕಟ್ಟೂ ಬದಲಾಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಸೆಪ್ಟೆಂಬರ್ 2ರಂದು ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಹುಟ್ಟಿದವು. ಕಡತಗಳು ಐದು ಕಡೆ ಹಂಚಿಹೋದವು. 1976ರ ಕಾಯ್ದೆಯಡಿ ನಕ್ಷೆ ಪಡೆದು, 2020ರ ಕಾಯ್ದೆಯಡಿ ನೋಟಿಸು ಪಡೆದು, ಈಗ ಹೊಸ ಪಾಲಿಕೆಯ ಮುಂದೆ ಓ.ಸಿ.ಗೆ ನಿಂತ ಕಟ್ಟಡಕ್ಕೆ ಯಾವ ಕಾಯ್ದೆಯ ಯಾವ ಕಲಂ ಎಂಬ ಚರ್ಚೆಯಲ್ಲೇ ವಾಯಿದೆಗಳು ಕಳೆಯಬಲ್ಲವು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಪರಿಷತ್ತಿನ ಅವಧಿ ಮುಗಿದ ಮೇಲೆ, ಅದು ವಿಭಜನೆಯಾಗುವವರೆಗೂ ಚುನಾವಣೆಯೇ ನಡೆಯಲಿಲ್ಲ. ವಾರ್ಡಿನ ಜನ ಅಕ್ರಮ ಕಟ್ಟಡದ ಬಗ್ಗೆ ಪಾಲಿಕೆ ಸದಸ್ಯನ ಮನೆ ಬಾಗಿಲು ತಟ್ಟುವ ದಾರಿಯೂ ಐದು ವರ್ಷ ಮುಚ್ಚಿತ್ತು. (ಆ ದಾರಿ ತೆರೆದಿದ್ದಾಗ ಅದು ಯಾರಿಗೆ ಹೆಚ್ಚು ಉಪಯೋಗವಾಗುತ್ತಿತ್ತು ಎಂಬುದು ಇನ್ನೊಂದು ಪ್ರಶ್ನೆ.)

ನೆಲಸಮದ ಭೀತಿಯಲ್ಲಿರುವ ನಿವಾಸಿಗಳಿಗೆ ಒಂದು ರಕ್ಷಣೆ ಇದೆ. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸು, ವೈಯಕ್ತಿಕ ವಿಚಾರಣೆ, ಅಂತಿಮ ಆದೇಶದ ನಂತರ ಮತ್ತೆ 15 ದಿನಗಳ ಕಾಲಾವಕಾಶ, ಕಾರ್ಯಾಚರಣೆಯ ಚಿತ್ರೀಕರಣ ಕಡ್ಡಾಯ ಎಂದಿತು. ತಪ್ಪಿದ ಅಧಿಕಾರಿ ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಡಬೇಕು ಎಂದೂ ಹೇಳಿತು. ರಸ್ತೆ, ಪಾದಚಾರಿ ಮಾರ್ಗ, ಜಲಮೂಲಗಳಂತಹ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಹಾಗಾಗಿ ಕೆರೆ, ರಾಜಕಾಲುವೆಗಳ ಒತ್ತುವರಿ ಎನಿಸಿಕೊಂಡ ಮನೆಗಳಿಗೆ ಇದರ ಪ್ರಯೋಜನ ಸಿಗುವುದು ಕಷ್ಟ. ಐದು ವಾರಗಳ ಅಂತರದಲ್ಲಿ ಬಂದ ಎರಡು ತೀರ್ಪುಗಳಲ್ಲಿ ಒಂದು ಅಧಿಕಾರಿಗೆ ನಿಧಾನಿಸು ಎನ್ನುತ್ತದೆ, ಇನ್ನೊಂದು ಸುಮ್ಮನಿರಬೇಡ ಎನ್ನುತ್ತದೆ. ಪರಸ್ಪರ ವಿರೋಧ ಇಲ್ಲಿಲ್ಲ. ಪಾಯದ ಹಂತದಲ್ಲೇ ಕ್ರಮ ಕೈಗೊಂಡರೆ 15 ದಿನಗಳ ನೋಟಿಸು ಯಾರಿಗೂ ಹೊರೆಯಲ್ಲ.

ಡಿಸೆಂಬರ್ ತೀರ್ಪಿನಲ್ಲಿ ಮೀಟರ್ ಕುರಿತ ಸೂಚನೆ ಎಲ್ಲರ ಗಮನಕ್ಕೂ ಬಂತು. ಅದಕ್ಕೂ ಮುಂಚಿನ ಕ್ರಮಾಂಕದಲ್ಲಿ ಇನ್ನೊಂದು ಸೂಚನೆ ಇದೆ. ನಿರ್ಮಾಣ ನಡೆಯುವಷ್ಟೂ ಕಾಲ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು. ಅಧಿಕಾರಿಗಳು ಆಗಾಗ್ಗೆ ತಪಾಸಣೆ ನಡೆಸಿ ಅದರ ದಾಖಲೆ ಇಡಬೇಕು. ತಪ್ಪಾಗಿ ಓ.ಸಿ. ಕೊಟ್ಟ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಜರುಗಿಸಬೇಕು. ಮೇಲ್ಮನವಿಗಳನ್ನು ಸಾಧ್ಯವಾದಷ್ಟೂ 90 ದಿನಗಳಲ್ಲಿ ಮುಗಿಸಬೇಕು. ಮೀಟರ್ ನಿಲ್ಲಿಸಲು ವಿದ್ಯುತ್ ಕಂಪನಿಗಳಿಗೆ ನಾಲ್ಕು ತಿಂಗಳು ಸಾಕಾಯಿತು. ನಕ್ಷೆಯ ಫಲಕ ತೂಗುಹಾಕಿಸಲು ಪಾಲಿಕೆಗೆ ಬೇಕಾಗಿರುವುದು ಒಂದು ಸುತ್ತೋಲೆ, ಬಿಲ್ಡರ್‌ಗೆ ಬೇಕಾಗಿರುವುದು ಒಂದು ಫ್ಲೆಕ್ಸ್ ಮತ್ತು ನಾಲ್ಕು ಮೊಳೆ. ನಗರದ ಯಾವುದೇ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ಮುಂದೆ ನಿಂತು, ಆ ಫಲಕ ಇದೆಯೇ, ಇದ್ದರೆ ಅದರಲ್ಲಿ ಎಷ್ಟು ಅಂತಸ್ತು ಬರೆದಿದೆ, ಮೇಲೆ ಎಷ್ಟು ಎದ್ದಿದೆ ಎಂದು ಯಾರು ಬೇಕಾದರೂ ಎಣಿಸಿ ನೋಡಬಹುದು.